ಒನಕೆ ಹಿಡಿದ ಹತ್ತು ಮಂದಿಗೆ ನಾನು ಕೊಟ್ಟ ತಿಳುವಳಿಕೆ

ನಾನು ಕೈಹಾಕಿದ ಕೆಲಸ ಕೆಟ್ಟ ಉದಾಹರಣೆ ಮುಳಬಾಗಿಲಿನಲ್ಲಿ ಅದುವರೆಗೆ ಇರಲಿಲ್ಲ. ಯುದ್ಧ ಶುರುವಾಗುವ ಮುಂಚಿನ ಮಾತು. ನಾನು ಗುಮಾಸ್ತನಾಗಿದ್ದ ಅಕ್ಕಿ ಮಂಡಿಗೆ ಸಾಹುಕಾರರು ಅಕ್ಕಿ ಮಾಡುವ ಮಿಷನ್ ತರಿಸಿದರು. ಅಂಗಳದಲ್ಲಿ ಒನಕೆ ಹಿಡಿದು ಭತ್ತ ಕುಟ್ಟುತ್ತಿದ್ದ ಹತ್ತು ಹೆಂಗಸರಿಗೆ ಸುದ್ದಿ ತಿಳಿಸಬೇಕಿತ್ತು.

“ಯಾರನ್ನೂ ಬಿಡಿಸೋದಿಲ್ಲ. ಇನ್ನು ಭತ್ತ ಒಣಗಿಸಲಿ, ಅಕ್ಕಿ ಕೇರಲಿ. ಕೂಲಿ ಹಾಗೇ ಇರುತ್ತೆ. ಮರ್ಯಾದೆಯಾಗಿ ಹೇಳಿ ಬನ್ನಿ. ಮುನಿಸಿಕೊಂಡು ಹೋದರೋ, ಸೋಮವಾರ ಮೊರ ಹಿಡಿಯೋರು ನೀವೇ!” ಎಂದರು ಸಾಹುಕಾರರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಪೇಟ, ಕೋಟು, ಕೊಡೆ ಸಮೇತ ಸಿದ್ಧನಾದೆ. ಜೇಬಿನಲ್ಲಿ ಎಂಟು ಅಂಶಗಳ ಭಾಷಣ. ಮೊದಲು ಲೋಕಸ್ಥಿತಿ, ಆಮೇಲೆ ಯಂತ್ರದ ಮಹಿಮೆ. ಕೆಲಸ ಉಳಿಯುತ್ತದೆ ಎಂಬ ಸಿಹಿ ಸುದ್ದಿ ಎಂಟನೆಯದು. ಒಂದೊಂದು ಮನೆಗೆ ಹತ್ತು ನಿಮಿಷ. ಹಾಜರಿ ಪುಸ್ತಕದ ಅಕಾರಾದಿ ಕ್ರಮ.

“ಏನ್ರೀ, ಎಲೆಗೆ ಮೊದಲು ಬಡಿಸೋದೇ ಪಾಯಸ. ನೀವು ಕೊನೆಗೆ ಇಟ್ಕೊಂಡಿದ್ದೀರಲ್ಲ!” ಎಂದಳು ನನ್ನ ಹೆಂಡತಿ ಕಮಲ. “ಹೋಗಲಿ, ವೆಂಕಟಮ್ಮಗಾದ್ರೂ ಮೊದಲು ಹೇಳಿ. ಎಲ್ಲರಿಗಿಂತ ಹಿರಿಯಳು.”

“ಅವಳದು ‘ವ’. ಕೊನೆಗೆ ಬರುತ್ತಾಳೆ. ಶಿಸ್ತು ಅಂದರೆ ಶಿಸ್ತು.”

ಮೊದಲ ಮನೆ ಅಕ್ಕಯ್ಯಮ್ಮನದು. ಕೆಲಸಕ್ಕೆ ಸೇರಿ ತಿಂಗಳಾಗಿತ್ತಷ್ಟೇ. “ಈ ಯಂತ್ರ ಹತ್ತು ಮಂದಿಯ ಕೆಲಸವನ್ನು ಒಂದೇ...” ಎಂದು ಮೂರನೆಯ ಅಂಶ ಓದುತ್ತಿದ್ದೆ. “ಅಯ್ಯಯ್ಯೋ, ನಮ್ಮನ್ನೆಲ್ಲಾ ಬಿಡಿಸ್ಬಿಟ್ರು!” ಎಂದು ಕೂಗುತ್ತಾ ಹಿತ್ತಲ ಬಾಗಿಲಿಂದ ಓಡಿಯೇ ಹೋದಳು. ಇನ್ನೂ ಆರು ನಿಮಿಷ ಬಾಕಿ ಇತ್ತು. ಬೇಲಿಯಾಚೆ ಮಕ್ಕಳು ನೋಡುತ್ತಿದ್ದಂತೆ ಉಳಿದ ಅಂಶಗಳನ್ನು ಅಲ್ಲೇ ಕಟ್ಟಿದ್ದ ಎಮ್ಮೆಗೆ ಓದಿ, ಪಟ್ಟಿಯಲ್ಲಿ ಗುರುತು ಹಾಕಿದೆ.

ಎರಡನೆಯ ಮನೆಗೆ ಬೀಗ. ಮೂರನೆಯದಕ್ಕೂ ಬೀಗ. ಒಂಬತ್ತು ಬಾಗಿಲು ಮುಗಿಸಿ ವೆಂಕಟಮ್ಮನ ಮನೆಗೆ ಬಂದರೆ, ಅಷ್ಟೂ ಜನ ಅವಳ ಜಗಲಿಯ ಮೇಲೆ!

“ಅಬ್ಬೋ, ಬಂದ್ರಾ ಗುಮಾಸ್ತಪ್ಪ! ಮೊನ್ನೆ ಬಂದ ಹುಡುಗಿಗೆ ಮೊದಲು, ಇಪ್ಪತ್ತು ವರ್ಷ ಕುಟ್ಟಿದ ನನಗೆ ಕೊನೆಗಾ?”

ತಪ್ಪು ತಿದ್ದಿಕೊಳ್ಳುವುದರಲ್ಲೂ ನಾನು ಶಿಸ್ತಿನವನೇ. “ಹಾಗಾದರೆ ಎಲ್ಲರೂ ವಯಸ್ಸಿನ ಪ್ರಕಾರ ಕೂತ್ಕೊಳ್ಳಿ. ದೊಡ್ಡವರು ಮುಂದೆ!” ಎಂದೆ.

ವೆಂಕಟಮ್ಮ ಮುಂದೆ ಕೂತಳು. ಅವಳ ಪಕ್ಕಕ್ಕೆ ಉಳಿದವರು ಯಾರೊಬ್ಬರೂ ಬರಲಿಲ್ಲ. “ನೀನೇ ದೊಡ್ಡೋಳು, ಹೋಗೇ.” “ನಾನಾ? ನಿನ್ನ ಮದುವೇಲಿ ನಾನು ಅಂಬೆಗಾಲಿಡ್ತಿದ್ದೆ ಕಣೇ!” ಇಬ್ಬರು ವಾರಗಿತ್ತಿಯರು ಜಡೆ ಹಿಡಿಯುವುದೊಂದೇ ಬಾಕಿ.

ವೆಂಕಟಮ್ಮ ಎದ್ದು ನಿಂತಳು. ವಾರಗಿತ್ತಿಯರು ದೂರ ಸರಿದು ಕೂತರು. “ಸಾಮಿ, ಒಂದೇ ಮಾತು ಹೇಳಿ. ನಾಳೆಯಿಂದ ನಮಗೆ ಕೆಲಸ ಉಂಟಾ, ಇಲ್ವಾ?”

“ಅದು ಎಂಟನೆಯದು. ಮೊದಲು ಲೋಕಸ್ಥಿತಿ...” ಎಂದವನು ಅವಳ ಮುಖ ನೋಡಿದೆ. ಕಾಗದ ಮಡಚಿದೆ. “ಉಂಟು ವೆಂಕಟಮ್ಮ. ಎಲ್ಲರಿಗೂ. ಕೂಲಿಯೂ ಮೊದಲಿನಷ್ಟೇ. ಒನಕೆ ಹೋಗಿ ಮೊರ ಬರುತ್ತೆ.”

ಆಮೇಲೆ ಜಗಲಿಯೇ ನಕ್ಕಿತು. “ಇಷ್ಟು ಹೇಳೋಕೆ ಪೇಟ ಬೇರೆ ಸುತ್ಕೊಂಡು ಬಂದ್ರಾ!” ಎಂದು ಚೊಂಬು ತುಂಬ ಮಜ್ಜಿಗೆ ಕೊಟ್ಟರು.

ಸೋಮವಾರ ಹತ್ತೂ ಮಂದಿ ಬಂದರು. ನಾನು ಬಾಯಿ ತೆರೆಯುವ ಮುಂಚೆ ವೆಂಕಟಮ್ಮ ಎಲ್ಲವನ್ನೂ ಸಾಹುಕಾರರಿಗೆ ವರದಿ ಮಾಡಿಯಾಗಿತ್ತು, ಎಮ್ಮೆಯ ಸಮೇತ!

“ಗುಮಾಸ್ತರೇ, ಭಾಷಣ ಮಿಷನ್ ಮುಂದೆ ಓದಿ. ಅದಕ್ಕೆ ಬೋಲ್ಟು ಹಾಕಿದೆ, ಓಡಿಹೋಗೋದಿಲ್ಲ” ಎಂದರು ಸಾಹುಕಾರರು.

ಅಪ್ಪಣೆ ಎಂದರೆ ಅಪ್ಪಣೆ. ಕೋಟಿನ ಗುಂಡಿ ಹಾಕಿ, ಗಂಟಲು ಸರಿಮಾಡಿಕೊಂಡು, ಒಂದನೆಯ ಅಂಶ ಓದಿದೆ.

ಗಡಗಡ ಓಡುತ್ತಿದ್ದ ಮಿಷನ್ ನಿಂತೇ ಹೋಯಿತು!