ಪರ್ಸಿಗೊಂದು ಸೀಟ್ ಬೆಲ್ಟ್

ನನ್ನಂಥ ಹೆದರುಪುಕ್ಕಲರಿಂದ ಲೋಕಕ್ಕೆ ಆಗುವಷ್ಟು ಅಪಾಯ ಧೈರ್ಯಸ್ಥರಿಂದ ಆಗುವುದಿಲ್ಲ ಎಂದು ಈಚೆಗೆ ಅನ್ನಿಸತೊಡಗಿದೆ. ಅವರು ಬಿದ್ದರೆ ತಾವೊಬ್ಬರೇ ಬೀಳುತ್ತಾರೆ. ನಾವೋ, ಸುತ್ತಲಿನವರನ್ನೆಲ್ಲ ಸೇಫಾಗಿಡಲು ಹೊರಟು ಅವರ ಉಸಿರು ಕಟ್ಟಿಸುತ್ತೇವೆ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಪರ್ಸಿ ನಮ್ಮ ನಾಯಿ. ಹದಿಮೂರು ವರ್ಷ, ಹಾರ್ಟ್ ವೀಕ್. ಹೆಸರು ನಾನಿಟ್ಟದ್ದು; ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಇಂಗ್ಲಿಷ್ ಕಲಿತವಳಿಗೆ ನಾಯಿಯನ್ನು ಮೋತ್ಯಾ ಎಂದು ಕೂಗಲು ನಾಲಿಗೆ ಏಳಲಿಲ್ಲ. ನಮ್ಮವರು ನಾಶಿಕದ ಹತ್ತಿರ ಓಝರಿನ ವಿಮಾನ ಕಾರ್ಖಾನೆಯಿಂದ ರಿಟೈರಾಗಿದ್ದರು. ಕ್ವಾರ್ಟರ್ಸ್ ಖಾಲಿ ಮಾಡಿ ಔರಂಗಾಬಾದಿಗೆ, ಮಗಳ ಮನೆಯ ಹತ್ತಿರದ ಫ್ಲ್ಯಾಟಿಗೆ ಹೋಗಬೇಕಿತ್ತು. ಅದೂ ಮೇ ತಿಂಗಳಲ್ಲಿ. “ಈ ವಯಸ್ಸಿನಲ್ಲಿ ಇವನಿಗೆ ಇದು ಲಾಂಗ್ ಜರ್ನಿ. ಬಿಸಿಲು, ಗಾಬರಿ ಎರಡೂ ಆಗಬಾರದು” ಎಂದರು ನಾಯಿ ಡಾಕ್ಟರು. ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಅವನನ್ನು ಜೀವಂತ ಮುಟ್ಟಿಸಿದರೆ ಸಾಕು, ಗೋದ್ರೇಜ್ ಬೀರು ನುಗ್ಗಾದರೂ ಚಿಂತೆಯಿಲ್ಲ ಎಂದುಕೊಂಡೆ.

ಬೆಲ್ಟಿನ ಮಾತು ತೆಗೆದವಳು ನಾನೇ.

“ನಾಯಿಗೆ ಎಂಥಾ ಬೆಲ್ಟು? ತೊಡಿ ಮ್ಯಾಲೆ ಕೂಡಿಸ್ಕೊ” ಎಂದರು ನಮ್ಮವರು, ತಮ್ಮ ಧಾರವಾಡದ ಮಾತಿನಲ್ಲಿ.

“ಸಡನ್ ಬ್ರೇಕ್ ಹಾಕಿದ್ರ? ಮೂವತ್ತೈದು ವರ್ಷ ಮಂದಿ ವಿಮಾನಕ್ಕ ನಟ್ ಬಿಗಿದ್ರಿ. ಮನಿ ನಾಯಿಗೆ ಒಂದು ಬೆಲ್ಟ್ ಬಿಗಿಯೋದು ಆಗಂಗಿಲ್ಲೇನ್ರಿ?”

ಹೀಗೆ ಮಾತಾಡಬಾರದಿತ್ತು. ವಿಮಾನದವರ ಅಭಿಮಾನ ವಿಮಾನಕ್ಕಿಂತ ಮೇಲೆ ಹಾರುತ್ತದೆ. ದಪ್ಪ ನೈಲಾನ್ ಪಟ್ಟಿ ತಂದು ಎದೆಗಟ್ಟು ಹೊಲಿದರು, ಅದನ್ನು ಕಾರಿನ ಬೆಲ್ಟಿಗೆ ಜೋಡಿಸಿದರು. ಟ್ರಯಲ್ ನಡೆಯಿತು. ಪರ್ಸಿ ಎರಡೇ ನಿಮಿಷದಲ್ಲಿ ಬಕಲ್ಲಿನ ಕೆಂಪು ಗುಂಡಿಯ ಮೇಲೆ ಕೂತು ಬಿಡುಗಡೆಯಾದ. ನಮ್ಮವರ ಮುಖ ಬಿಗಿಯಿತು. ವಿಮಾನದಲ್ಲಿ ನಟ್ಟುಗಳು ಅದುರಿ ಸಡಿಲವಾಗದಂತೆ ಉಕ್ಕಿನ ತಂತಿ ಹೆಣೆದು ಬಿಗಿಯುತ್ತಾರಂತೆ. ಹೊರಡುವ ಬೆಳಿಗ್ಗೆ ಬಕಲ್ಲು, ಕೊಂಡಿ ಎಲ್ಲಕ್ಕೂ ಹಾಗೇ ಹೆಣೆದರು. “ಇನ್ನ ಪ್ಲೇನ್ ಕ್ರ್ಯಾಶ್ ಆದ್ರೂ ಇವ ಅಳ್ಳಾಡಂಗಿಲ್ಲ” ಎಂದು ಇಕ್ಕಳವನ್ನು ಟೂಲ್‌ಬಾಕ್ಸಿಗೆ ಹಾಕಿ, ಟೂಲ್‌ಬಾಕ್ಸನ್ನು ಸಾಮಾನಿನ ಟ್ರಕ್ಕಿಗೆ ಹಾಕಿಸಿದರು. ನಾನು ಪಕ್ಕದಲ್ಲೇ ನಿಂತು ಪರ್ಫೆಕ್ಟ್ ಎಂದೆ.

ಯೇವಲಾ ದಾಟಿದ ಮೇಲೆ ಎ.ಸಿ. ನಿಂತಿತು. ಕಿಟಕಿ ಇಳಿಸಿದರೆ ಬೆಂಕಿಯ ಗಾಳಿ. ಪರ್ಸಿಯ ನಾಲಿಗೆ ನೀಲಿಗಟ್ಟತೊಡಗಿತು. “ನಿಲ್ಸ್ರಿ, ನೆರಳಿಗೆ ಇಳಿಸೋಣು” ಎಂದೆ. ನಿಲ್ಲಿಸಿದರು, ಇಳಿಸುವುದು ಹೇಗೆ? ತಂತಿ ಜಗ್ಗಿದರು, ಬೆರಳು ಕುಯ್ದುಕೊಂಡರು. ಚಾಕು, ಕತ್ತರಿ ಎಲ್ಲ ಟ್ರಕ್ಕಿನಲ್ಲಿ. ನಾನು ಹಲ್ಲು ಹಾಕಿ ನೋಡಿದೆ. ಅದು ಸ್ವಂತದ ಹಲ್ಲೂ ಅಲ್ಲ. ಪರ್ಸಿ ಒದ್ದಾಡುವುದನ್ನೂ ಬಿಟ್ಟು ಸುಮ್ಮನೆ ನನ್ನನ್ನೇ ನೋಡುತ್ತಿದ್ದ.

ವೈಜಾಪುರದವರೆಗೆ ನಾನು ಹಿಂದಿನ ಸೀಟಿನಲ್ಲಿ ಕೂತು, ಅವನ ಮೇಲೆ ಬಾಟಲಿಯ ನೀರು ಸುರಿಯುತ್ತ, ಸೇಂಟ್ ಆಂಥೊನಿಯಿಂದ ಹಿಡಿದು ಮನೆದೇವರು ವೆಂಕಪ್ಪನವರೆಗೆ ಎಲ್ಲರನ್ನೂ ಕರೆದೆ. ರಸ್ತೆ ಪಕ್ಕದ ಗ್ಯಾರೇಜಿನ ಮುದುಕ ಮೇಸ್ತ್ರಿ ಒಳಗೆ ಬಗ್ಗಿ ನೋಡಿದ.

“ಅಹೋ ಕಾಕಾ, ಕುತ್ರಾ ಆಹೆ ಕೀ ಕೈದಿ?”

ನಾಯಿಯೋ ಕೈದಿಯೋ ಎಂದು ಕೇಳಿಸಿಕೊಂಡ ನಮ್ಮ ಇಂಜಿನಿಯರ್ ಸಾಹೇಬರು ಕುಯ್ದ ಬೆರಳಿನಿಂದಲೇ ತಂತಿ ತೋರಿಸಿದರು. ಮೇಸ್ತ್ರಿ ಕಟ್ ಕಟ್ ಎಂದು ತಂತಿ ಕತ್ತರಿಸಿ, ಪರ್ಸಿಯನ್ನು ಬೇವಿನ ನೆರಳಿಗೆ ಎತ್ತಿ ಹಾಕಿದ. ಪರ್ಸಿ ಒದ್ದೆ ಬಟ್ಟೆಯಂತೆ ಬಿದ್ದುಕೊಂಡ. ನಮ್ಮವರು ಪ್ಯಾಂಟಿನ ಇಸ್ತ್ರಿ ಮರೆತು ಎಣ್ಣೆ ನೆಲದಲ್ಲೇ ಕೂತರು. “ನಾನಽ ಕೊಂದೆ ನೋಡ ಇವನ್ನ” ಎಂದರು. “ನಾನು” ಎನ್ನಬೇಕಾಗಿದ್ದವಳು ನಾನು; ಖಾಲಿ ಬಾಟಲಿಗೆ ನೀರು ತುಂಬಿಸಲು ಎದ್ದುಹೋದೆ. ಅರ್ಧ ಗಂಟೆಯ ಮೇಲೆ ಬಾಲದ ತುದಿ ಒಮ್ಮೆ ಅಲ್ಲಾಡಿತು.

“ಆತಾ ಪರತ್ ಬಾಂಧಾಯಚಾ ಕಾ?” ಮತ್ತೆ ಕಟ್ಟೋದೇನು ಎಂದು ಮೇಸ್ತ್ರಿ ಕೇಳಿದ. ಇಬ್ಬರೂ ಒಟ್ಟಿಗೆ “ನಕೋ!” ಎಂದು ಕಿರುಚಿದೆವು.

ಉಳಿದ ದಾರಿ ಪರ್ಸಿ ನನ್ನ ತೊಡೆಯ ಮೇಲೆ. ಅವನಿಗೂ ಬೆಲ್ಟಿಲ್ಲ, ನನಗೂ ಇಲ್ಲ; ಎರಡೂ ಕೈಯಿಂದ ತಬ್ಬಿ, ಅವನ ಎದೆಬಡಿತ ಎಣಿಸುತ್ತ ಬಂದೆ. ಔರಂಗಾಬಾದಿನಲ್ಲಿ ಮಗಳು ಗೇಟಿಗೆ ಓಡಿಬಂದಳು. ಕಾರಿನಲ್ಲಿ ಬೆಲ್ಟ್ ಹಾಕಿಕೊ ಎಂದು ಫೋನು ಮಾಡಿದಾಗಲೆಲ್ಲ ಅವಳಿಗೆ ಉಪದೇಶ ಕೊಡುವವಳು ನಾನು. ಅವಳು ತನ್ನ ಮರಾಠಿ ಬೆರೆತ ಅರೆ ಕನ್ನಡದಲ್ಲಿ ಕೇಳಿದಳು: “ಅಮ್ಮಾ, ನೀಟ್ ಬಂದ್ರಿ ನಾ? ಪರ್ಸಿಗೆ ಬೆಲ್ಟ್ ಲಾವಲಾ ಹೋತಾ?” ಬೆಲ್ಟ್ ಹಾಕಿದ್ದಿರೇನು ಎಂದು.

“ಮತ್ತ? ಆಲ್ ದ ವೇ” ಎಂದೆ.

ಕಣ್ಣಾರೆ ಪರೀಕ್ಷಿಸದೆ ಜನ್ಮದಲ್ಲಿ ಯಾವ ಕಾಗದಕ್ಕೂ ಸಹಿ ಹಾಕದ ನಮ್ಮವರು, ಬೆರಳಿಗೆ ಕರವಸ್ತ್ರ ಸುತ್ತಿಕೊಳ್ಳುತ್ತ, ಹೌದೆಂದು ತಲೆಯಾಡಿಸಿದರು.