ರೇಡಿಯೋದ ಕಿವಿ ಹಿಂಡುವ ಮಾಸ್ತರು

ನಮ್ಮ ಪಕ್ಕದ ಮನೆಯ ಮಾಸ್ತರಷ್ಟು ರೇಡಿಯೋದಲ್ಲಿ ಕ್ರೈಸ್ತ ಗೀತೆ ಹಚ್ಚಿದವರು ಇಡೀ ಬಳ್ಳಾರಿಯಲ್ಲಿ ಇರಲಿಲ್ಲ. ಅವುಗಳಲ್ಲಿ ಒಂದನ್ನೂ ಪೂರ್ತಿ ಕೇಳದವರೂ ಅವರೊಬ್ಬರೇ!

ಎಪ್ಪತ್ತರ ದಶಕದ ಮಾತು. ಸತ್ಯನಾರಾಯಣಪೇಟೆಯಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ವಿಭೂತಿ, ಆ ಕಡೆ ಶಿಲುಬೆ. ಗೋಡೆಗೆ ಎರಡೂ ರೂಢಿಯಾಗಿದ್ದವು. ಮಾಸ್ತರಿಗೆ ವಾರವಿಡೀ ಶಾಲೆ, ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಹಾರ್ಮೋನಿಯಂ. ಭಾನುವಾರ ಸಂಜೆ ಯಾವುದೋ ದೂರದೇಶದ ಸ್ಟೇಷನ್ನಿನಿಂದ ಕನ್ನಡದ ಕ್ರೈಸ್ತ ಗೀತೆಗಳು ಬರುತ್ತಿದ್ದವು. ಹಳೆಯವಲ್ಲ, ಹೊಸಕಾಲದವು. ಗಿಟಾರು, ಡ್ರಮ್ಮು, ಒಂದೇ ಸಾಲು ಹತ್ತಾರು ಸಲ!

"ಒಂದ ಮಾತು ಎಷ್ಟು ಸಲ ಹೇಳತಾರ! ಸ್ವಾಮಿಗೆ ಕಿವಿ ಕೇಳಂಗಿಲ್ಲೇನು?" ಎಂದು ಮಾಸ್ತರು ಗುಡುಗುತ್ತಿದ್ದರು.

"ನಮ್ಮ ಭಜನಿಯೊಳಗೂ ಹಂಗ ಹೇಳತಾರಲ್ರಿ?" ಎಂದು ನಾನು ಕೆಣಕುತ್ತಿದ್ದೆ.

"ನಿಮ್ಮ ಭಜನಿ ತಾಳ ತಪ್ಪಂಗಿಲ್ಲಪಾ!"

ಅಷ್ಟರಲ್ಲಿ ಟಕ್! ಶಾಲೆಯಲ್ಲಿ ಹುಡುಗರ ಕಿವಿ ಹಿಂಡುವ ಕೈ ರೇಡಿಯೋದ ಕಿವಿ ಹಿಂಡಿರುತ್ತಿತ್ತು. ಆಮೇಲೆ ಹಾರ್ಮೋನಿಯಂ ಎಳೆದುಕೊಂಡು, ಅದೇ ಸಾಲನ್ನು ತಮ್ಮ ರಾಗದಲ್ಲಿ ರೇಡಿಯೋದ ಮುಂದೆ ಹಾಡಿ, "ಕಲಿ!" ಎನ್ನುತ್ತಿದ್ದರು. ಪಾಪ, ಅದು ಏನು ಕಲಿತೀತು?

ಒಮ್ಮೆ ಕುರುಗೋಡಿನ ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆವು. ಅಲ್ಲಿನ ರೇಡಿಯೋದಲ್ಲೂ ಅಂಥದೇ ಹಾಡು ಶುರುವಾಯಿತು. ಮಾಸ್ತರು ಎದ್ದವರೇ ಅದರ ಕಿವಿಯನ್ನೂ ಹಿಂಡಿ, ಗಂಟಲು ಬಿಚ್ಚಿ ಹಾಡಿಯೇಬಿಟ್ಟರು. ಗಿರಾಕಿಗಳೆಲ್ಲ ಬಾಯಿ ತೆರೆದು ಕೂತರು. ಹಣೆತುಂಬ ವಿಭೂತಿ ಬಳಿದಿದ್ದ ಮಾಲೀಕ ಕೈಮುಗಿದ. "ಭಾಳ ಚಲೋ ಹಾಡತೀರಿ ಸಾರ್. ಆದ್ರ ರೇಡಿಯೋ ಹಾಡಿದ್ರ ಮಂದಿ ಚಾ ಕುಡಿತಾರ, ನೀವು ಹಾಡಿದ್ರ ಚಾ ಬಿಟ್ಟು ಕುಂದರತಾರ. ದಯವಿಟ್ಟು ಕುಂದರ್ರಿ!"

ಇಷ್ಟೊಂದು ಸಿಟ್ಟು ಯಾಕೆ? ಹೇಳುತ್ತೇನೆ. ಮಾಸ್ತರಿಗೆ ಒಬ್ಬಳೇ ಮಗಳು. ತೊಡೆಯ ಮೇಲೆ ಕೂರಿಸಿಕೊಂಡು ಸರಿಗಮ ಕಲಿಸಿದ್ದರು. ಆ ಹುಡುಗಿ ಹೋಗಿ ಹೋಗಿ ಸಿರುಗುಪ್ಪದ ಒಬ್ಬ ಗಿಟಾರಿನ ಹುಡುಗನನ್ನು ಮೆಚ್ಚಿ ಮದುವೆಯಾದಳು. ಮದುವೆಯ ದಿನ ಮಾಸ್ತರು ಬಾಗಿಲು ಹಾಕಿಕೊಂಡು ಹಾರ್ಮೋನಿಯಂ ಒರೆಸುತ್ತ ಕೂತಿದ್ದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ.

ಒಂದು ಭಾನುವಾರ ಮಾಸ್ತರ ಹೆಂಡತಿ ಹಿತ್ತಲಲ್ಲಿ ನನ್ನನ್ನು ಕರೆದು ಪಿಸುಗುಟ್ಟಿದರು. "ತಮ್ಮಾ, ಇವತ್ತು ರೇಡಿಯೋದಾಗ ಮಗಳ ಹಾಡು ಬರತೈತಂತ. ಅಪ್ಪ ಒಮ್ಮೆ ಪೂರ್ತಿ ಕೇಳಲಿ ಸಾಕು ಅಂತ ಹೇಳಿ ಕಳಿಸ್ಯಾಳ. ಇವರು ನೋಡಿದ್ರ ಗಿಟಾರು ಕೇಳಿದ ಕೂಡಲೇ ಬಂದ್ ಮಾಡತಾರ. ಹೆಸರು ಹೇಳೋದು ಹಾಡು ಮುಗದ ಮ್ಯಾಲ. ಹೆಂಗರ ಮಾಡಿ ಅವರ ಕೈ ತಡಿಯಪಾ."

ಸಂಜೆ ನಾನು ಮಾಸ್ತರ ಎಡಗೈಗೆ ಒಗ್ಗರಣೆ ಮಂಡಕ್ಕಿಯ ತಟ್ಟೆ ಕೊಟ್ಟೆ, ಬಲಗೈಗೆ ಬಿಸಿ ಚಹಾದ ಲೋಟ. ಎರಡೂ ಕೈ ಭರ್ತಿ!

"ಏನಪಾ, ಉಪಚಾರ ಜೋರೈತಿ?"

"ಸುಮ್ನ ತಿನ್ರಿ ಮಾಸ್ತರ್ರ," ಎಂದೆ. ಅಡುಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು.

ಗಿಟಾರು ಶುರುವಾಯಿತು. ಮಾಸ್ತರ ಹುಬ್ಬು ಗಂಟಾಯಿತು. ಲೋಟವನ್ನು ರೇಡಿಯೋದ ಮೇಲೇ ಇಟ್ಟರು!

"ಚಹಾ ಆರತೈತ್ರಿ!" ಎಂದು ಅರಚಿದೆ.

"ಆರಲಿ ಬಿಡು," ಎನ್ನುತ್ತ ಗುಂಡಿ ಹಿಡಿದರು. ಆಗಲೇ ಹಾಡುವ ದನಿ ಬಂತು.

ಕೈ ತಿರುಗಲಿಲ್ಲ. ತಟ್ಟೆ ಜಾರಿ ಮಂಡಕ್ಕಿ ನೆಲದ ಪಾಲಾಯಿತು. ಮಾಸ್ತರು ನೋಡಲೂ ಇಲ್ಲ. ನಡುವೆ ಸ್ಟೇಷನ್ನು ಜಾರಿ, ದನಿ ಗೊರಗೊರ ಸದ್ದಿನಲ್ಲಿ ಮುಳುಗಿತು. ಅಯ್ಯೋ, ಹೋಯಿತು! ಮಾಸ್ತರು ಇನ್ನೊಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ದನಿಯನ್ನು ಹಿಂದಕ್ಕೆ ಎಳೆದು ತಂದು, ಕಿವಿಯನ್ನು ರೇಡಿಯೋಕ್ಕೆ ಹಚ್ಚಿ ಕೊನೆಯವರೆಗೂ ಕೇಳಿದರು. ಹಾಡು ಮುಗಿದ ಮೇಲೆ ರೇಡಿಯೋದವರು ಮಗಳ ಹೆಸರು ಹೇಳಿದರು, ಅಳಿಯನ ಹೆಸರೂ ಹೇಳಿದರು.

"ತಾಳ ಓಡೈತಿ," ಎಂದರು ಮಾಸ್ತರು.

ಮುಗಿಯಿತು ಎಂದುಕೊಂಡೆ. ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಎರಡನೇ ಚರಣದಾಗ ಸಾಲಿನ ನಡುವ ಉಸಿರು ತಗೊಂಡ್ಳು," ಎಂದರು ಮತ್ತೆ. "ಆಕಿ ಎಂದೂ ಹಂಗ ಹಾಡಿದಾಕಿ ಅಲ್ಲ. ಆಕಿಗೆ ಆರಾಮಿಲ್ಲೇನು? ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಎಲ್ಲಿ ಬಿಟ್ರಿ? ಹೆಸರೆತ್ತಿದ್ರ ಎದ್ದು ಹೋಗತಿದ್ರಿ," ಎಂದರು ಅವರ ಹೆಂಡತಿ, ಅಳುತ್ತಲೇ. "ಆಕಿ ಬಸುರಿ ಅದಾಳ್ರಿ. ಏಳು ತಿಂಗಳು."

ಮಾಸ್ತರು ಗೂಟದಲ್ಲಿದ್ದ ಅಂಗಿ ಎಳೆದುಕೊಂಡರು.

"ಮೊದಲನೇ ಬಾಣಂತನ ತವರಮನಿಯಾಗ ಆಗಬೇಕಲ್ಲ? ಕೋಣಿ ಸ್ವಚ್ಛ ಮಾಡು, ಕರಕೊಂಡ ಬರತೀನಿ. ಆ ಗಿಟಾರಿನವನೂ ಬರಲಿ. ನಾಳೆ ಕೂಸಿಗೆ ಜೋಗುಳ ಹಾಡಬೇಕು, ಅವಗ ತಾಳ ಕಲಸೋರು ಯಾರು?"

ಅಂಗಿಯ ಗುಂಡಿಗಳನ್ನು ಹಿಂದುಮುಂದು ಹಾಕಿಕೊಂಡು, ಕಣ್ಣು ಒರೆಸಿಕೊಳ್ಳುತ್ತ ಬೀದಿಗೆ ಇಳಿದೇಬಿಟ್ಟರು. ಕಾಲಲ್ಲಿ ಚಪ್ಪಲಿಯೇ ಇರಲಿಲ್ಲ. ನಾನು ಅವನ್ನು ಕೈಯಲ್ಲಿ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೂ ಅವರ ಹಿಂದೆ ಓಡಿದೆ.