ಇಂಗ್ಲಿಷಿನಲ್ಲಿ ಗಣಪನ ಕಣ್ಣು ತೆರೆದದ್ದು

ಇಂಗ್ಲಿಷ್ ಕಷ್ಟ ಎನ್ನುವವರು ಸೋಮಾರಿಗಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ತಲೆ ಬೆಳ್ಳಗಾದ ಮೇಲೆ ಕಲಿತೆ. ಕಲಿತ ಫಲವಾಗಿ ನಮ್ಮ ಬೀದಿಗೆ ಆಂಬುಲೆನ್ಸ್ ಬಂತು. ಅದು ಬೇರೆ ವಿಷಯ. ನನ್ನ ವಾಕ್ಯಗಳಲ್ಲಿ ಮಾತ್ರ ಒಂದು ತಪ್ಪೂ ಇರಲಿಲ್ಲ.

ನಮ್ಮದು ಶಿವಾರಪಟ್ಟಣ. ಯಜಮಾನರು, ಮಗ ಇಬ್ಬರೂ ಕಲ್ಲಿನಲ್ಲಿ ದೇವರನ್ನು ಮಾಡುವವರು. ಸೊಸೆ ಪವಿತ್ರ ಬಿ.ಎ. ಓದಿದವಳು. ಭಾನುವಾರ ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಸಂಘದ ಹೆಂಗಸರಿಗೆ ಇಂಗ್ಲಿಷ್ ಹೇಳಿಕೊಡುತ್ತಾಳೆ. ನಾನು ಮೊದಲ ದಿನ ಹೋಗಿ ಕೂತದ್ದು ಕಲಿಯುವುದಕ್ಕಲ್ಲ. ಜಗಲಿ ನನ್ನದು, ಅದಕ್ಕೆ.

ಅವಳು ಮೂವರನ್ನು ಸಾಲಾಗಿ ನಿಲ್ಲಿಸಿದಳು. "ಮೊದಲನೆಯೋರು ಕೆಲಸ ಮಾಡೋರು, ನಡುವೆ ಇರೋರು ಕೆಲಸ, ಕೊನೆಯೋರು ವಸ್ತು. ಕನ್ನಡದಲ್ಲಿ 'ನಾನು ಕಾಫಿ ಕುಡಿದೆ' ಅಂತೀವಿ. ಇಂಗ್ಲಿಷಲ್ಲಿ 'ನಾನು ಕುಡಿದೆ ಕಾಫಿ.' ಕೆಲಸ ನಡುವೆ ಬರತ್ತೆ, ಅಷ್ಟೇ."

ಹೆಂಗಸರು ಮುಖ ಮುಖ ನೋಡಿಕೊಂಡರು. ನನಗೆ ತಟ್ಟನೆ ಹೊಳೆಯಿತು.

"ಇದರಲ್ಲೇನಿದೆ? ನಾವು ವಿಗ್ರಹ ಪೂರ್ತಿ ಮುಗಿಸಿ ಕಣ್ಣು ಕೊನೆಗೆ ತೆರೀತೀವಲ್ಲ, ಕನ್ನಡ ಹಂಗೆ. ಕೊನೇ ಮಾತು ಬರೋ ತನಕ ವಾಕ್ಯಕ್ಕೆ ಕಣ್ಣಿಲ್ಲ. ಇಂಗ್ಲಿಷ್‌ನೋರಿಗೆ ತಾಳ್ಮೆ ಇಲ್ಲ, ಹೊಟ್ಟೆ ಕೆತ್ತೋ ಮುಂಚೆನೇ ಕಣ್ಣು ತೆಗೆದುಬಿಡ್ತಾರೆ."

ಪವಿತ್ರ ನಕ್ಕು, "ಅತ್ತೆ, ಇದನ್ನ ಬೇರೆ ಕಡೆ ಹೇಳಿಕೊಡುವಾಗ ಬಳಸ್ಕೋತೀನಿ" ಎಂದಳು.

"ಬಳಸ್ಕೋ. ನನ್ನ ಹೆಸರು ಸೇರಿಸಿ ಹೇಳು."

ಅಂದಿನಿಂದ ನಾನು ಮುಂದಿನ ಸಾಲಿನಲ್ಲಿ. ಬೋರ್ಡಿನ ಅಕ್ಷರ ಮಂಜುಮಂಜಾಗಿ ಕಾಣುತ್ತಿತ್ತು, ಸೊಸೆ ಅಗ್ಗದ ಸೀಮೆಸುಣ್ಣ ತರುತ್ತಾಳೆ. ಹೇಳಿಯೂ ನೋಡಿದೆ, ಕೇಳಲಿಲ್ಲ. ಆದರೂ ಕಲಿತೆ. ಕೋಳಿಗೆ, ಕಸಪೊರಕೆಗೆ, ಯಜಮಾನರಿಗೆ ಎಲ್ಲರಿಗೂ ಇಂಗ್ಲಿಷಿನಲ್ಲೇ ಮಾತು. ಕೋಳಿ ಮಾತ್ರ ನಿಂತು ಕೇಳುತ್ತಿತ್ತು.

ಅದೇ ಸಮಯಕ್ಕೆ ನಮ್ಮ ಮನೆಯಲ್ಲಿ ಒಂದು ಗಣಪ ಸಿದ್ಧವಾಗಿದ್ದ. ಸಮುದ್ರ ದಾಟಿ ಹೋಗುವ ನಮ್ಮ ಮೊದಲ ವಿಗ್ರಹ. ಇದು ಹಿಡಿಸಿದರೆ ಇನ್ನೊಂದು ಕೇಳುತ್ತಾರೆ, ಹಿಡಿಸದಿದ್ದರೆ ನಮ್ಮ ಬೀದಿಯ ಹೆಸರು ಹೋಗುತ್ತದೆ ಎಂದು ಯಜಮಾನರಿಗೆ ಊಟ ಸೇರುತ್ತಿರಲಿಲ್ಲ. ಕಣ್ಣೊಂದು ಬಾಕಿ. ಕಣ್ಣು ತೆರೆಯುವ ತನಕ ಮುಖಕ್ಕೆ ಬಟ್ಟೆ ಕಟ್ಟುತ್ತೇವೆ. ಮುಹೂರ್ತದಲ್ಲಿ ಮಗ ವಿಗ್ರಹದ ತಲೆ ಅಲುಗದಂತೆ ಹಿಡಿಯುತ್ತಾನೆ, ಯಜಮಾನರು ಸಣ್ಣ ಉಳಿಯಿಂದ ಕಣ್ಣು ಬಿಡಿಸುತ್ತಾರೆ, ನಾನು ಎದುರಿಗೆ ಕನ್ನಡಿ ಹಿಡಿಯುತ್ತೇನೆ. ದೇವರ ಮೊದಲ ನೋಟ ಕನ್ನಡಿಗೆ, ಆಮೇಲೆ ಹಸುವಿಗೆ. ಮನುಷ್ಯರು ಅಡ್ಡ ನಿಲ್ಲಬಾರದು.

ಮುಹೂರ್ತ ನಾಳೆ ಇತ್ತು. ಗಣಪನನ್ನು ಕೊಳ್ಳುವ ಬಿಳಿ ಗಂಡ ಹೆಂಡತಿ ಇವತ್ತೇ ಬಂದುಬಿಟ್ಟರು. ಮನೆಯವರೆಲ್ಲ ಲಾರಿ ಗೊತ್ತುಮಾಡಲು ಮಾಲೂರಿಗೆ ಹೋಗಿದ್ದರು. ಕಾರಿನ ಡ್ರೈವರು ಅವರನ್ನು ಇಳಿಸಿ ಪಂಕ್ಚರ್ ಹಾಕಿಸಲು ಹೋದ. ಉಳಿದದ್ದು ನಾನು, ಪಕ್ಕದ ಮನೆ ಲಕ್ಷ್ಮಮ್ಮ.

ಆ ಹೆಂಗಸು ಫೋನು ತೆಗೆದು ನನ್ನ ಬಾಯಿಯ ಮುಂದೆ ಹಿಡಿದಳು.

"ಅಕ್ಕಾ, ಅದರಲ್ಲೇ ಮಾತಾಡು. ಅದು ಕನ್ನಡಾನ ಇಂಗ್ಲಿಷಿಗೆ ತಿರುಗ್ಸತ್ತಂತೆ" ಎಂದಳು ಲಕ್ಷ್ಮಮ್ಮ.

"ಫೋನಿಗೇನು ಗೊತ್ತು ಕಣೇ, ನಾನಿದೀನಲ್ಲ" ಎಂದು ಕೈಯಲ್ಲೇ ಪಕ್ಕಕ್ಕೆ ತಳ್ಳಿದೆ. "ಯು ಸಿಟ್. ಐ ಬ್ರಿಂಗ್ ಕಾಫಿ."

ಕೂತರು. ಕಾಫಿ ಕುಡಿದರು. ಲಕ್ಷ್ಮಮ್ಮನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಹೆಂಗಸು ಗಣಪನ ಮುಖದ ಬಟ್ಟೆ ತೋರಿಸಿ ಏನೋ ಕೇಳಿದಳು. 'ಟುಮಾರೋ' ಎಂದಿದ್ದರೆ ಸಾಕಿತ್ತು. ಆದರೆ ಒಂಟಿ ಪದ ಹೇಳುವುದು ಕಲಿಯದವರ ಲಕ್ಷಣ. ಮಾಡುವವರು, ಕೆಲಸ, ವಸ್ತು, ಮೂರನ್ನೂ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿಕೊಂಡೆ. "ಮೈ ಹಸ್ಬೆಂಡ್ ಓಪನ್ಸ್ ಐಸ್ ಟುಮಾರೋ." ಅರ್ಥವಾಗಲಿ ಎಂದು ನನ್ನ ಕಣ್ಣನ್ನೇ ಮುಟ್ಟಿ ತೋರಿಸಿದೆ. ಕಣ್ಣಲ್ಲಿ ಸದಾ ನೀರು, ಸೆರಗಿನಿಂದ ಒರೆಸಿಕೊಂಡೆ.

ಅವಳು ನನ್ನ ಕೈ ಹಿಡಿದುಕೊಂಡಳು. "ಆಪರೇಷನ್?"

ದೊಡ್ಡ ಕೆಲಸಕ್ಕೆ ಅವರಲ್ಲಿ ಹಾಗೆ ಹೇಳುತ್ತಾರೆ ಎಂದುಕೊಂಡೆ. "ಯೆಸ್, ಯೆಸ್."

"ಡಾಕ್ಟರ್?"

"ನೋ ಡಾಕ್ಟರ್. ಮೈ ಸನ್ ಹೋಲ್ಡ್ಸ್ ಹೆಡ್. ಮೈ ಹಸ್ಬೆಂಡ್ ಹಿಟ್ಸ್ ಐಸ್." ಒಳಗಿನಿಂದ ಉಳಿ, ಸುತ್ತಿಗೆ ಎರಡೂ ತಂದು ತೋರಿಸಿದೆ. "ಐ ಸೀ ಮಿರರ್. ಐ ಸೀ ಕೌ." ಹಿಡಿಯುವುದಕ್ಕೆ, ಕರೆತರುವುದಕ್ಕೆ ಪದ ನೆನಪಾಗಲಿಲ್ಲ, ನೋಡುವುದನ್ನೇ ಹಾಕಿದೆ. ಸಾಲು ಮಾತ್ರ ಸರಿಯಾಗಿತ್ತು.

ಅವಳ ಕಣ್ಣಲ್ಲೂ ನೀರು ಬಂತು. ನನ್ನ ಇಂಗ್ಲಿಷ್ ಕೇಳಿ ಎಂದುಕೊಂಡೆ. ಅವಳ ಗಂಡ ಉಳಿಯನ್ನು ನನ್ನ ಕೈಯಿಂದ ಕಸಿದುಕೊಂಡು, ಫೋನು ಹಿಡಿದು ಬೀದಿಗೆ ಓಡಿದ.

ಸ್ವಲ್ಪ ಹೊತ್ತಿಗೆ ಆಂಬುಲೆನ್ಸ್ ಸದ್ದು ಮಾಡುತ್ತ ಬಂದು ನಮ್ಮ ಬಾಗಿಲಲ್ಲೇ ನಿಂತಿತು. ನರ್ಸಮ್ಮ ಇಳಿದಳು.

"ಯಾರಿಗೆ ಏನಾಯ್ತಮ್ಮ?" ಎಂದು ನಾನೇ ಕೇಳಿದೆ.

"ಇಲ್ಲಿ ಯಾವುದೋ ಮುದುಕೀನ ಮಗ ತಲೆ ಹಿಡ್ಕೊಂಡು, ಗಂಡ ಉಳಿ ಸುತ್ತಿಗೇಲಿ ಕಣ್ಣು ಆಪರೇಷನ್ ಮಾಡ್ತಾನಂತೆ."

"ಥೂ, ಎಂಥಾ ಪಾಪಿಗಳು. ಯಾವ ಮನೇಲಮ್ಮ?"

ನರ್ಸಮ್ಮ ನನ್ನನ್ನು ನೋಡಿದಳು. ಸುತ್ತಿಗೆ ಇನ್ನೂ ನನ್ನ ಕೈಯಲ್ಲೇ ಇತ್ತು.

ಅಷ್ಟರಲ್ಲಿ ಲಾರಿ ಬಂತು. ಯಜಮಾನರು ಆಂಬುಲೆನ್ಸ್ ಕಂಡು, ನಾನು ಹೋದೆ ಎಂದೇ ತಿಳಿದು, ಓಡಿ ಬಂದರು. ಗಾಬರಿಯಾದರೆ ಅವರಿಗೆ ಬರುವುದು ತೆಲುಗೇ. "ಏಮೈಂದೇ ನೀಕು?" ಎಂದು, ನನಗೇನಾಯಿತೆಂದು ಕೇಳುವಷ್ಟರಲ್ಲಿ ಆ ಬಿಳಿ ಮನುಷ್ಯ ನಮ್ಮಿಬ್ಬರ ನಡುವೆ ಗೋಡೆಯಂತೆ ನಿಂತ. ಗಣಪನ ಕಡೆ ಬೆರಳು ತೋರಿಸಿ ಬೇಡ, ಬೇಡ ಎಂದು ತಲೆಯಾಡಿಸಿದ. ಹೆಂಡತಿಯ ಕಣ್ಣು ಕೀಳುವವನ ಕೈಯ ದೇವರು ಯಾರಿಗೆ ಬೇಕು? ಯಜಮಾನರ ಮುಖ ಸುಣ್ಣದ ಹಾಗಾಯಿತು. ಪಾಪ, ತಾವು ಏನು ತಪ್ಪು ಮಾಡಿದೆವೆಂದು ಅವರಿಗೇ ಗೊತ್ತಿಲ್ಲ.

ಪವಿತ್ರ ಲಾರಿಯಿಂದ ಇಳಿದವಳು ಎಲ್ಲರ ಮಾತನ್ನೂ ಕೇಳಿ, ಜಗಲಿಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವರಿಗೆ ಬಿಡಿಸಿ ಹೇಳಿದಳು. ಆ ಮನುಷ್ಯ ಕೆಂಪಗಾಗಿ ಯಜಮಾನರಿಗೆ ಕೈಮುಗಿದು ಉಳಿ ವಾಪಸ್ಸು ಕೊಟ್ಟ.

"ನಿಮ್ಮ ವಾಕ್ಯ ಎಲ್ಲ ಸರಿಯಾಗೇ ಇದೆ ಅತ್ತೆ. 'ಗಣಪನ ಕಣ್ಣು' ಅಂದಿದ್ರೆ ಮುಗೀತಿತ್ತು."

"ಶಿವಾರಪಟ್ಟಣದಲ್ಲಿ ಕಣ್ಣು ತೆರೆಯೋದು ಅಂದ್ರೆ ದೇವರದಲ್ದೆ ಇನ್ಯಾರದೇ?" ಎಂದೆ.

ನರ್ಸಮ್ಮ ಬಂದದ್ದಕ್ಕೆ ನನ್ನ ಕಣ್ಣು ನೋಡಿಯೇ ಹೋಗಲಿ ಎಂದು ಆ ಬಿಳಿ ಹೆಂಗಸು ಹಟ ಹಿಡಿದಳು. ನರ್ಸಮ್ಮ ನನ್ನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, "ಅಜ್ಜಿ, ಎರಡೂ ಕಣ್ಣಲ್ಲಿ ಪೊರೆ ಬಂದಿದೆ. ಆಪರೇಷನ್ ಆಗ್ಲೇಬೇಕು" ಎಂದಳು.

ಸೀಮೆಸುಣ್ಣ ಚೆನ್ನಾಗಿಯೇ ಇತ್ತಂತೆ.

ಮಾರನೆಯ ದಿನ ಗಣಪ ಕಣ್ಣು ಬಿಟ್ಟ. ಕನ್ನಡಿ ಹಿಡಿದದ್ದು ನಾನೇ. ಬಂದವರು ಅವನನ್ನು ಕರೆದುಕೊಂಡು ಹೋದರು, ಹೋಗುವಾಗ ಒಂದು ನಂದಿ ಬೇಕೆಂದು ಹೇಳಿಯೂ ಹೋದರು. ನಮ್ಮ ಬೀದಿಯಲ್ಲಿ ಇಂಗ್ಲಿಷಿನಿಂದ ಇಷ್ಟು ಕೆಲಸ ಮಾಡಿಸಿದವರು ಬೇರೆ ಯಾರಿದ್ದಾರೆ, ಹೇಳಿ.

ಆಮೇಲೆ ಕೋಲಾರದ ಆಸ್ಪತ್ರೆಯಲ್ಲಿ ನನ್ನ ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವ ದಿನ ಯಜಮಾನರು ಮನೆಯಿಂದ ಅದೇ ಕನ್ನಡಿ ತಂದಿದ್ದರು. ನಿಯಮ ನಿಯಮವೇ ಎಂದು ನನ್ನ ಮುಖದ ಮುಂದೆ ಹಿಡಿದರು. ಎಷ್ಟೋ ವರ್ಷಗಳ ಮೇಲೆ ಎಲ್ಲವೂ ನಿಚ್ಚಳವಾಗಿ ಕಂಡಿತು. ಒಂದೊಂದು ಸುಕ್ಕೂ ಉಳಿಯಲ್ಲಿ ಕೆತ್ತಿದ ಹಾಗಿತ್ತು.

ಬಿಡುವುದುಂಟೇ? ಮೂರನ್ನೂ ಸಾಲಾಗಿ ನಿಲ್ಲಿಸಿ, ಡಾಕ್ಟರಿಗೂ ಕೇಳುವಂತೆ ಹೇಳಿದೆ, "ಐ ಸೀ ಮಿರರ್." ಆಮೇಲೆ ಯಜಮಾನರ ಕಡೆ ತಿರುಗಿ, "ಕನ್ನಡಿ ಆಯ್ತು. ಹಸು ಎಲ್ರೀ?" ಎಂದೆ.

ಅವರು ಕನ್ನಡಿಯನ್ನು ಇನ್ನೊಂದಿಷ್ಟು ಹತ್ತಿರ ತಂದರು. "ಸರಿಯಾಗಿ ನೋಡೇ. ಅದರೊಳಗೇ ಐತೆ."